ಮೊಳದ ಮೇಲೊಂದು ಗೇಣು

ಈ ಸಂಜೆ ಎಲೆಕ್ಟ್ರಾನಿಕ್ ಸಿಟಿಯ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಜಡೆಯಿಂದ ಮಲ್ಲಿಗೆ ಘಮ್ಮೆಂದಿತು. ನಿಮಗಾದರೆ ಹಿತವಾಗುತ್ತಿತ್ತು. ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಆರು ವರ್ಷವಾದರೂ ಹೀಗೇ.

ಆಗ ನನಗೆ ಮೂವತ್ತೊಂಬತ್ತು. ಇಲ್ಲೇ ಒಂದು ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಹೆಣ್ಣಿನ ಕಡೆಯವರೆಲ್ಲ ನನ್ನ ಫೋಟೋ ನೋಡಿ "ತಿಳಿಸ್ತೀವಿ" ಎಂದು ಹೋದವರು, ಯಾರೂ ತಿಳಿಸಲಿಲ್ಲ. ಬಸ್‌ಸ್ಟಾಪಿನಲ್ಲಿ ಅತ್ತಿಬೆಲೆಯ ಮಂಜುಳ ಹೂ ಮಾರುತ್ತಿದ್ದಳು. ಅವಳಿಗೂ ಮದುವೆಯಾಗಿರಲಿಲ್ಲ. ಮಾತಾಡಿಸುವ ನೆಪಕ್ಕೆ ಒಂದು ಮೊಳ ಕೇಳಿದೆ.

"ಮನೆಯೋರಿಗಾ ಸಾರ್?" ಎಂದಳು.

ಗಾಬರಿಯಲ್ಲಿ ಹೌದೆಂದು ತಲೆಯಾಡಿಸಿಬಿಟ್ಟೆ. ಒಮ್ಮೆ ಆಡಿಸಿದ ತಲೆಯನ್ನು ವಾಪಸ್ ಪಡೆಯುವುದು ಹೇಗೆ, ನೀವೇ ಹೇಳಿ. ಹನ್ನೊಂದು ತಿಂಗಳು, ದಿನಾ ಒಂದು ಮೊಳ. ದೇವರ ಪಟಕ್ಕಾಯಿತು, ಕ್ಯಾಲೆಂಡರಿಗಾಯಿತು, ಕೊನೆಗೆ ಕುಕ್ಕರಿಗೂ ಸುತ್ತಿದೆ. ಮಾತು ಬೆಳೆಸಲೆಂದು ಇಲ್ಲದ ಹೆಂಡತಿಗೆ ಜ್ವರ ಬರಿಸಿದೆ. ಮಂಜುಳ ಮೆಣಸಿನ ಕಷಾಯ ಹೇಳಿಕೊಟ್ಟಳು, ನಾನೇ ಮಾಡಿಕೊಂಡು ಕುಡಿದೆ. ದಿನವಿಡೀ ಆ ಎರಡು ಮಾತಿಗಾಗಿ ಕಾಯುತ್ತಿದ್ದೆ.

ಒಂದು ಸಂಜೆ ಧೈರ್ಯ ಮಾಡಿ, "ನಂಗೆ ಮದ್ವೆನೇ ಆಗಿಲ್ಲ ಮಂಜುಳಾ. ನೀವು ಒಪ್ಪಿದ್ರೆ..." ಎಂದೆ.

ಅವಳ ಕೈಯಿಂದ ಹೂ ಬುಟ್ಟಿಗೆ ಜಾರಿತು.

"ಅಂಗಾದ್ರೆ ಇಷ್ಟು ದಿನ ಊವ ಯಾರಿಗೆ ಮುಡಿಸ್ತಿದ್ರಿ? ಆಯಕ್ಕಂಗೆ ಅಂತ ದಿನಾ ಮೊಳದ ಮೇಲೆ ಒಂದು ಗೇಣು ಬಿಡ್ತಿದ್ನಲ್ಲ ಸಾರ್! ನನ್ನ ನೋಡಕ್ ಬಂದ ಎರಡು ಗಂಡುಗಳ್ನ ಬ್ಯಾಡ ಅಂದೆ. ನಿಮ್ಮಂಗೆ ಹೆಂಡ್ತೀನ ನೋಡ್ಕೊಳೋನೇ ಬೇಕು ಅಂತ."

ನನ್ನನ್ನು ಬೇಡ ಎಂದವರು ಬೇಕಾದಷ್ಟಿದ್ದರು. ನನ್ನಂಥವನೇ ಬೇಕೆಂದು ಬೇರೆಯವರನ್ನು ಬೇಡ ಎಂದವಳು ಇವಳೊಬ್ಬಳು. ಅವಳಿಗೆ ಬೇಕಾದ ಆ ಗಂಡನನ್ನು ಈಗಷ್ಟೇ ನಾನೇ ಸುಳ್ಳು ಮಾಡಿದ್ದೆ.

"ನಾಳಿಂದ ಬರ್ಬ್ಯಾಡಿ," ಎಂದಳು. ಅವಳ ಕಣ್ಣು ತುಂಬಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಬಂದ ಬಸ್ಸು ಹತ್ತಿದೆ. ಮರುವಾರ ಅಲ್ಲಿ ಬುಟ್ಟಿಯೂ ಇರಲಿಲ್ಲ, ಅವಳೂ ಇರಲಿಲ್ಲ.

ಇವತ್ತು ಏನನ್ನಿಸಿತೋ, ಬಸ್ಸಿಳಿದವನು ಆರು ವರ್ಷದ ಮೇಲೆ ಮೊದಲ ಸಲ ಒಂದು ಹೂವಿನ ಬುಟ್ಟಿಯ ಮುಂದೆ ನಿಂತೆ. ಮಾರುವ ಅಜ್ಜಿ ಅದೇ ಮಾತು ಕೇಳಿದಳು, "ಮನೆಯೋರಿಗಾ ಸಾಮಿ?"

"ಇಲ್ಲಮ್ಮ. ನಂಗೆ ಮದ್ವೆ ಆಗಿಲ್ಲ. ನಂಗೇ ಕೊಡಿ," ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊಳ ಹಾಕಿದಳು. ನನ್ನ ಕಣ್ಣು ಅವಳ ಕೈ ಮೇಲೇ ಇತ್ತು. ಬೆರಳ ತುದಿಗೆ ಸರಿಯಾಗಿ ಕತ್ತರಿಸಿದಳು.