ಅವ್ವ ಉಂಡ ರೊಟ್ಟಿ

ಮಕ್ಕಳಿಗಾಗಿ ಉಪವಾಸ ಸಾಯುವ ತಾಯಿಯ ಕಥೆಯನ್ನು ಯಾರೇ ಹೇಳಲಿ, ನನಗೆ ಮೊದಲು ಬರುವುದು ಅಳುವಲ್ಲ, ಅನುಮಾನ. ಹೇಳುವವರು ಅವತ್ತು ಹೊಟ್ಟೆ ತುಂಬ ಉಂಡು ಬಂದಿರುತ್ತಾರೆ. ಕಥೆಯ ತಾಯಿಗೆ ಸಿಟ್ಟೇ ಬರುವುದಿಲ್ಲ, ಎಷ್ಟು ಹಸಿದರೂ ಪಕ್ಕದ ಹೊಲದ ಒಂದು ತೆನೆಗೂ ಕೈ ಹಾಕುವುದಿಲ್ಲ, ಒಂದು ಸಲವೂ ಮಗುವಿನ ಬೆನ್ನಿಗೆ ಗುದ್ದುವುದಿಲ್ಲ. ಇಂಥ ತಾಯಿಯನ್ನು ನಾನು ಸಂಡೂರು ತಾಲೂಕಿನಲ್ಲಂತೂ ನೋಡಿಲ್ಲ.

ಚಿಕ್ಕವಳಿದ್ದಾಗ ನಾನೂ ನಂಬಿದ್ದೆ. ಆಗ ಗಣಿ ಜೋರಾಗಿದ್ದ ಕಾಲ. ಬಂಡ್ರಿಯ ನಮ್ಮ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ಅದಿರಿನ ಲಾರಿ ಹತ್ತಿ ಬಂದರಿನ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಅವ್ವ ಗುಡ್ಡದ ಮೇಲೆ ಅದಿರಿನ ಕಲ್ಲು ಒಡೆದು ಜರಡಿ ಹಿಡಿಯುತ್ತಿದ್ದಳು. ಸಂಜೆ ಬರುವಾಗ ತಲೆ, ಹುಬ್ಬು, ಸೀರೆ, ಎಲ್ಲ ಕೆಂಪು. ಎಷ್ಟು ನೀರು ಹುಯ್ದುಕೊಂಡರೂ ಬಚ್ಚಲಲ್ಲಿ ಕೆಂಪೇ ಹರಿಯುತ್ತಿತ್ತು.

ಐದನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಒಂದು ಬರಗಾಲದ ಕಥೆ ಹೇಳಿದರು. ಕೂಸನ್ನು ಸೊಂಟಕ್ಕೆ ಎತ್ತಿಕೊಂಡು ಹೊಳೆಯ ಕಡೆಗೆ ಹೊರಟ ತಾಯಿ ಕೊನೆಯ ರೊಟ್ಟಿಯನ್ನು ಕೂಸಿಗೇ ಕೊಟ್ಟು, ತಾನು ಉಂಡಿದ್ದೇನೆ ಎಂದು ಸುಳ್ಳು ಹೇಳಿ, ಹೊಳೆ ಕಾಣುವ ಹೊತ್ತಿಗೆ ಬಿದ್ದು ಸತ್ತಳು. ಮೇಷ್ಟ್ರು ಕಣ್ಣೊರೆಸಿಕೊಂಡು, "ತಾಯಿ ಅಂದ್ರ ಹಿಂಗ ಇರಬೇಕು ನೋಡ್ರಿ" ಅಂದರು. ಇಡೀ ಕ್ಲಾಸು ಗೊಳೋ ಎಂದು ಅತ್ತಿತು. ನಾನು ಅಳಲಿಲ್ಲ. ನನಗೆ ಒಂದೇ ಚಿಂತೆ ಹತ್ತಿತ್ತು. ನಮ್ಮವ್ವ ಹಾಗೆ ಕೊಡುತ್ತಾಳೋ, ಇಲ್ಲವೋ?

ಅವತ್ತಿನಿಂದ ನನ್ನ ಪತ್ತೇದಾರಿ ಶುರುವಾಯಿತು. ಅವ್ವ ಉಣ್ಣುವುದನ್ನು ಕಳ್ಳಗಣ್ಣಿನಿಂದ ನೋಡುತ್ತಿದ್ದೆ. ನೋಡಿದಷ್ಟೂ ಎದೆ ಕುಸಿಯುತ್ತಿತ್ತು. ಅವಳಿಗೆ ಮೂರು ರೊಟ್ಟಿ, ನನಗೆ ಎರಡು. ಬೆಳಿಗ್ಗೆ ನನ್ನನ್ನು ಎಬ್ಬಿಸುವ ಮೊದಲೇ ಒಲೆಯ ಮುಂದೆ ಕೂತು ಉಂಡುಬಿಡುತ್ತಿದ್ದಳು. "ಉಂಡ್ಯೇನವ್ವ?" ಎಂದು ಕೇಳಿದರೆ "ಉಂಡೆ" ಎನ್ನುತ್ತಿದ್ದಳು. ದುಃಖದ ಸಂಗತಿಯೆಂದರೆ ಅದು ನಿಜವೇ ಆಗಿರುತ್ತಿತ್ತು.

ಆ ಮಳೆಗಾಲದಲ್ಲಿ ಪರೀಕ್ಷೆ ಮಾಡಿಯೇಬಿಟ್ಟೆ. ಗುಡ್ಡದ ದಾರಿ ಕೆಸರಾಗಿ ವಾರದಿಂದ ಕೆಲಸ ನಿಂತಿತ್ತು. ಮರುದಿನ ಬರಲು ಮೇಸ್ತ್ರಿ ಹೇಳಿಕಳಿಸಿದ್ದ. ಅವ್ವ ಹಿಟ್ಟಿನ ಡಬ್ಬಿಯನ್ನು ಬೋರಲು ಹಾಕಿ ಬಡಿದಳು. ಎರಡು ರೊಟ್ಟಿಗಾಯಿತು. ಮಧ್ಯಾಹ್ನ ನನ್ನ ತಾಟಿಗೆ ಒಂದು ಹಾಕಿದಳು. ನಾನು ತಾಟು ಸರಿಸಿ, "ನನಗ ಹಸಿವಾಗಿಲ್ಲ" ಅಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಅವ್ವ ಈಗ ತನ್ನದನ್ನೂ ನನ್ನ ಮುಂದಿಟ್ಟು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ ಎಂದು ಕಾದೆ.

ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ತನ್ನ ರೊಟ್ಟಿ ಮುಗಿಸಿದಳು. ಆಮೇಲೆ ನನ್ನದನ್ನು ಮುರಿದು, ಅರ್ಧಕ್ಕೆ ಶೇಂಗಾಪುಡಿ ಹಚ್ಚಿಕೊಂಡು ಅದನ್ನೂ ತಿಂದಳು.

ನಾನು ಬಿಕ್ಕಿ ಬಿಕ್ಕಿ ಅಳುತ್ತ ಮೇಷ್ಟ್ರ ಕಥೆಯನ್ನೆಲ್ಲ ಹೇಳಿದೆ. "ನೀ ಅಂಥಾ ತಾಯಿ ಅಲ್ಲ" ಎಂದೂ ಅಂದೆ. ಅವ್ವ ಬೆರಳು ನೆಕ್ಕುತ್ತ ಕೇಳಿಸಿಕೊಂಡಳು.

"ಆಕಿ ಸತ್ತಮ್ಯಾಲೆ ಆ ಕೂಸಿನ್ನ ಯಾರು ಎತ್ಕೊಂಡ್ರಂತ?"

"ಅದನ್ನ ಮೇಷ್ಟ್ರು ಹೇಳ್ಲಿಲ್ಲ."

"ನಾಳಿಗೆ ಕಲ್ಲು ಒಡಿಯಾಕಿ ನಾನು. ಕೈ ನಡುಗಿದ್ರ ಸುತ್ತಿಗಿ ಬೆರಳ ಮ್ಯಾಲೆ ಬೀಳತೈತಿ. ಸುಮ್ನ ಉಳದದ್ದು ತಿನ್ನು."

ತಿಂದೆ. ಸಿಟ್ಟು ಮಾತ್ರ ಎಷ್ಟೋ ದಿನ ಇಳಿಯಲಿಲ್ಲ. ಅವ್ವ ಮಾಡಿದ್ದೇ ಸರಿ ಎಂದು ತಿಳಿಯುವ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ. ಅವಳ ಸುತ್ತಿಗೆಯ ದುಡಿಮೆಯಲ್ಲೇ ಓದಿ ಹೊಸಪೇಟೆಯ ಒಂದು ಶಾಲೆಯಲ್ಲಿ ಟೀಚರಾದೆ, ಅವಳನ್ನೂ ಅಲ್ಲಿಗೇ ಕರೆತಂದೆ.

ಒಮ್ಮೆ ಶಾಲೆಯಲ್ಲಿ ತಾಯಂದಿರ ಸಭೆ. ನಿಮ್ಮ ತಾಯಿಯ ಬಗ್ಗೆ ಮಾತಾಡಿ ಎಂದರು. ಅವ್ವ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಆ ಮಧ್ಯಾಹ್ನದ ಸಂಗತಿಯನ್ನು ಇದ್ದದ್ದು ಇದ್ದಹಾಗೆ ಹೇಳಬೇಕೆಂದೇ ನಿಂತೆ. ಎರಡೇ ರೊಟ್ಟಿ ಇದ್ದವು ಎನ್ನುವಷ್ಟರಲ್ಲಿ ಎಲ್ಲರ ಕಣ್ಣೂ ತುಂಬಿಕೊಳ್ಳಲು ತಯಾರಾಗಿದ್ದವು. ನನ್ನ ಬಾಯಿಂದ ಬಂದದ್ದು ಬೇರೆ: "ಎರಡನ್ನೂ ನನಗೇ ಕೊಟ್ಟು, ತಾನು ಉಂಡಿದ್ದೇನೆ ಅಂದಳು ನಮ್ಮವ್ವ."

ಜೋರಾಗಿ ಚಪ್ಪಾಳೆ ಬಿತ್ತು. ಹೆಂಗಸರು ಬಂದು ಅವ್ವನ ಕೈ ಹಿಡಿದುಕೊಂಡರು. ಒಬ್ಬಾಕೆ ಕಾಲಿಗೇ ಬಿದ್ದಳು. ಅವ್ವ ಯಾರಿಗೂ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ.

ಆಟೋದಲ್ಲಿ ಮನೆಗೆ ಬಂದೆವು. ನಾನು ಬಾಗಿಲ ಬೀಗ ತೆಗೆಯುವಾಗ ಅವ್ವ ಬೆನ್ನ ಹಿಂದಿನಿಂದ ಕೇಳಿದಳು:

"ಅವತ್ತು ನಾ ಉಂಡಿದ್ದು ಇನ್ನಾ ನಿನ್ನ ಮನಸಿನ್ಯಾಗ ಐತಿ. ಹೌದಿಲ್ಲೋ?"

"ಇಲ್ಲವ್ವ" ಅಂದೆ.

ಅವಳು ನಂಬಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.