ಕೇಳಲು ಬಂದವಳು

ಹಾಜರಿ ಕರೆಯುತ್ತಿದ್ದ ಟೀಚರು "ಜಹ್ರಾ" ಎಂದರು. ಉತ್ತರ ಬರಲಿಲ್ಲ. ತಲೆಯನ್ನೂ ಎತ್ತದೆ ಮುಂದಿನ ಹೆಸರಿಗೆ ಹೋದರು. ಯಾರೂ ಆ ಖಾಲಿ ಕುರ್ಚಿಯ ಕಡೆ ನೋಡಲಿಲ್ಲ. ನಾನು ಮಾತ್ರ ನೋಡುತ್ತಲೇ ಇದ್ದೆ. ಜರ್ಮನಿಗೆ ಬಂದ ಮೇಲೆ ಇಲ್ಲಿನ ಚಳಿಗೆ, ಸಪ್ಪೆ ಆಲೂಗಡ್ಡೆಗೆ, ಭಾನುವಾರ ಬಾಗಿಲೆಳೆದುಕೊಂಡು ಮಲಗುವ ಅಂಗಡಿಗಳಿಗೆ ಹೇಗೋ ಒಗ್ಗಿಕೊಂಡಿದ್ದೆ. ಇದೊಂದಕ್ಕೆ ಒಗ್ಗಲಾಗಲಿಲ್ಲ.

ನಮ್ಮೂರು ಮುರಗೋಡದ ಸಾಲಿಯಲ್ಲಿ ಹಾಗೆ ಒಂದು ಹೆಸರನ್ನು ದಾಟಿ ಹೋಗುವಂತಿರಲಿಲ್ಲ. ಯಾರು ಬಂದಿಲ್ಲವೋ ಅವರ ಪಕ್ಕ ಕೂರುವವರು ಎದ್ದು ಅವರ ಮನೆಗೆ ಹೋಗಿ, ಕಣ್ಣಾರೆ ನೋಡಿ ಬಂದು ಹೇಳಬೇಕು. ಆಮೇಲೆಯೇ ಪಾಠ. ಪಾಠ ಹೇಳುವ ನಮ್ಮ ಅಕ್ಕೋರದು ಇನ್ನೊಂದು ಕಟ್ಟಳೆ: "ಹೊಸ್ತಿಲದಾಗ ನಿಂತು ಕೇಳಿ ಬರಬ್ಯಾಡ್ರಿ. ಒಳಗ ಹೋಗಿ ಕುಂತು ಕೇಳ್ರಿ."

ನಮ್ಮದು ಪಂಚಾಂಗ ಹೇಳುವವರ ಮನೆ. "ಕಂಡಕಂಡವರ ಮನ್ಯಾಗ ಕೂತು ಬರ್ತಾಳ, ಇದೆಂಥಾ ಸಾಲಿನೋ!" ಎಂದು ಅಜ್ಜಿ ಗೊಣಗುತ್ತಿದ್ದಳು. ಒಮ್ಮೆ ನನ್ನ ಪಕ್ಕ ಕೂರುತ್ತಿದ್ದ ಯಲ್ಲವ್ವನಿಗೆ ಜ್ವರವೆಂದು ಸುದ್ದಿ ಬಂದಿತ್ತು. ಹೋಗಿ ನೋಡಿದರೆ ಅವಳು ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ಅವ್ವ ಹೊಲಕ್ಕೆ ಹೋಗಿದ್ದಳು. ಅಕ್ಕೋರು ಬೈಯಲಿಲ್ಲ. "ನಾಳಿಂದ ಕೂಸನ್ನೂ ಕರಕೊಂಡು ಬಾ" ಎಂದು ಅವಳಿಗೆ ಹೇಳಿ ಕಳಿಸಿದರು. ಆ ಸಾಲಿಯ ಗಣಿತ ಅರ್ಧ ಮರೆತಿದ್ದೇನೆ, ಆದರೆ ಯಾರ ಮನೆಯಲ್ಲಾದರೂ ನೆಲದ ಮೇಲೆ ಕೂರಬಲ್ಲೆ. ನಾನು ನರ್ಸ್ ಆದದ್ದೂ ಅದೇ ಚಾಳಿಯಿಂದಲೇ ಇರಬೇಕು.

ಈ ಲೈಪ್‌ಜಿಗ್ ಊರಿನ ಆಸ್ಪತ್ರೆಯಲ್ಲಿ ಪೂರ್ತಿ ನರ್ಸ್ ಎನಿಸಿಕೊಳ್ಳಲು ಭಾಷೆಯ ಪರೀಕ್ಷೆ ಪಾಸಾಗಬೇಕು. ಅದಕ್ಕೆಂದು ಸೇರಿದ ಜರ್ಮನ್ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಅಫ್ಘಾನಿಸ್ತಾನದ ಜಹ್ರಾ. ಟೀವಿ ಧಾರಾವಾಹಿ ನೋಡಿ ಹಿಂದಿ ಕಲಿತಿದ್ದಳು. ನನ್ನ ಹಿಂದಿಯೂ ಅಷ್ಟಕ್ಕಷ್ಟೇ, ಆದ್ದರಿಂದ ಜೋಡಿ ಚೆನ್ನಾಗಿ ಕೂಡಿತು. ನನ್ನ ಶೇಂಗಾ ಚಟ್ನಿಯನ್ನು ಅವಳ ದಪ್ಪ ರೊಟ್ಟಿಗೆ ಹಚ್ಚಿಕೊಂಡು, ಖಾರಕ್ಕೆ ಕಣ್ಣೀರು ಸುರಿಸುತ್ತ, "ಇನ್ನೂ ಸ್ವಲ್ಪ ಕೊಡು ದೀದಿ" ಎನ್ನುತ್ತಿದ್ದಳು. ಪರದೇಶದಲ್ಲಿ ನನಗೆ ಸಿಕ್ಕ ಗೆಳತಿ ಅವಳೊಬ್ಬಳೇ.

ವಾರವಾದರೂ ಅವಳು ಬರಲಿಲ್ಲ, ಫೋನೂ ಹತ್ತಲಿಲ್ಲ. ಟೀಚರನ್ನು ಕೇಳಿದೆ. ಅವರು ನಗುತ್ತಲೇ "ದಾಟೆನ್‌ಶುಟ್ಸ್" ಎಂದರು. ಒಬ್ಬರ ವಿವರ ಇನ್ನೊಬ್ಬರಿಗೆ ಕೊಡಬಾರದೆಂಬ ಕಾಯದೆ ಅದು. ಇಲ್ಲಿ ಗೆಳತಿಯ ಮನೆಗೆ ಚಹಾಕ್ಕೆ ಹೋಗಲೂ ಮೊದಲೇ ದಿನ, ಹೊತ್ತು ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಕೇಳದಿದ್ದರೆ ತಪ್ಪು, ಇಲ್ಲಿ ಕೇಳಿದರೆ ತಪ್ಪು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಊರ ಉಸಾಬರಿ ನಿನಗ್ಯಾಕ? ಪರೀಕ್ಷಾ ನೋಡ್ಕೋ" ಎಂದಳು. ಫೋನು ಇಡುವ ಮುಂಚೆ, "ಆದ್ರೂ ಒಂದ್ಸಲ ಹೋಗಿ ನೋಡಿ ಬಾರವಾ" ಎಂದಳು.

ಒಮ್ಮೆ ಜಹ್ರಾಳ ಜೊತೆ ಅವಳ ಮನೆಯವರೆಗೆ ನಡೆದಿದ್ದೆ, ಗುರುತಿತ್ತು. ಬಾಗಿಲು ಬಡಿದೆ. ಒಳಗೆ ಆಡುತ್ತಿದ್ದ ಮಗುವಿನ ದನಿ ಥಟ್ಟನೆ ನಿಂತಿತು, ಯಾರೋ ಅದರ ಬಾಯಿ ಮುಚ್ಚಿದ ಹಾಗೆ. ಮತ್ತೆ ಬಡಿದೆ, ಹೆಸರು ಹಿಡಿದು ಕರೆದೆ. ಬಹಳ ಹೊತ್ತಿನ ಮೇಲೆ ಒಳಗಿನ ಸರಪಳಿ ಬಿಟ್ಟಷ್ಟೇ ಬಾಗಿಲು ತೆರೆಯಿತು. ಜಹ್ರಾಳ ಮುಖ ಬಿಳಿಚಿತ್ತು.

"ನಿನ್ನನ್ನು ಯಾರು ಕಳಿಸಿದರು?"

"ಯಾರೂ ಇಲ್ಲ. ನೀನು ಬರಲಿಲ್ಲವಲ್ಲ, ಕೇಳೋಣ ಅಂತ ಬಂದೆ. ಒಳಗೆ ಬರಲೇ?"

ಅವಳು ಸರಪಳಿ ತೆಗೆಯಲಿಲ್ಲ. ಇಲ್ಲಿರಲು ಕೇಳಿದ್ದ ಅನುಮತಿ ಸಿಕ್ಕಿಲ್ಲವೆಂದೂ ಪೊಲೀಸರು ಯಾವತ್ತಾದರೂ ಬಂದು ಕರೆದೊಯ್ಯಬಹುದೆಂದೂ ಪಿಸುಗುಟ್ಟಿದಳು. "ನಮ್ಮೂರಲ್ಲೂ ಹೀಗೇ ಯಾರೋ ಅಣ್ಣನನ್ನು ಕೇಳಿಕೊಂಡು ಬಂದರು, ದೀದಿ. ಒಳ್ಳೆಯ ಮಾತಿನಲ್ಲೇ ಕೇಳಿದರು. ಆಮೇಲೆ ಅಣ್ಣ ಮನೆಗೆ ಬರಲಿಲ್ಲ. ಇನ್ನೊಮ್ಮೆ ಬರಬೇಡ." ಬಾಗಿಲು ಮುಚ್ಚಿತು.

ನಾನು ಬರುವುದಿಲ್ಲವೆಂದು ಮಾತು ಕೊಡಲೂ ಪುರಸೊತ್ತಿರಲಿಲ್ಲ. ಕೆಲವು ವಾರ ಬಿಟ್ಟು ತಡೆಯಲಾರದೆ ಮತ್ತೆ ಹೋದೆ, ಬಡಿಯಲಿಕ್ಕಲ್ಲ, ಬೀದಿಯಿಂದಲೇ ನೋಡಲಿಕ್ಕೆ. ಕರೆಗಂಟೆಯ ಮೇಲೆ ಬೇರೆ ಯಾರದೋ ಹೆಸರಿತ್ತು. ಜಹ್ರಾಳ ಮನೆಯವರನ್ನು ವಾಪಸು ಕಳಿಸಿದರೋ, ನನ್ನ ಬಡಿತಕ್ಕೆ ಹೆದರಿ ಅವರೇ ಬೇರೆ ಕಡೆ ಹೋದರೋ, ಯಾರನ್ನು ಕೇಳಲಿ? ಈಗಲೂ ಆಸ್ಪತ್ರೆಯಲ್ಲಿ ರೋಗಿಯ ಕೋಣೆಯ ಬಾಗಿಲು ಬಡಿಯುವ ಮುಂಚೆ ಆ ಮಗುವಿನ ದನಿ ನಿಂತುಹೋದದ್ದು ಕೇಳಿಸುತ್ತದೆ.

ಈ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಅಮ್ಮ ಸವದತ್ತಿಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ. ಯಾರೋ ಬಾಗಿಲು ಬಡಿದರು. ನಾನು ಉಸಿರು ಬಿಗಿಹಿಡಿದು ಗೋಡೆಗೆ ಆತುನಿಂತೆ. ಹುಟ್ಟಿ ಬೆಳೆದ ಮನೆಯಲ್ಲಿ!

"ಹಾಡ್ಹಗಲ ಚಿಲಕಾ ಹಾಕ್ಕೊಂಡು ಕುಂತೀಯೇನವಾ?" ಎದುರು ಮನೆಯ ಶಿವಕ್ಕನ ದನಿ. ತೆರೆದೆ. ಅವರು ನೇರ ಒಳಗೆ ಬಂದು ಕಂಬಕ್ಕೆ ಆತು ಕೂತರು. ಪಗಾರ, ಮದುವೆ, ಮೈ ಬಡವಾದದ್ದು, ಯಾವುದನ್ನೂ ಬಿಡದೆ ಕೇಳಿದರು. ಇಷ್ಟು ದಿನ ಹಂಬಲಿಸಿದ್ದು ಇದಕ್ಕೇ, ಆದರೆ ಪ್ರತಿ ಪ್ರಶ್ನೆಗೂ ನನ್ನ ಮೈ ಕುಗ್ಗುತ್ತಿತ್ತು.

"ಅಲ್ಲಿ ಗೆಳತ್ಯಾರು ಯಾರರ ಸಿಕ್ಕಾರೇನು?"

"ಒಬ್ಬಾಕಿ ಸಿಕ್ಕಿದ್ಳ್ರಿ."

"ಆರಾಮ ಅದಾಳಿಲ್ಲೋ?"

"ಅದಾಳ್ರಿ" ಎಂದೆ.

"ಹಂಗಾರ ಮುಂದಿನ ಸಲ ಅಕಿನ್ನೂ ಕರಕೊಂಡು ಬಾ" ಎಂದು ಶಿವಕ್ಕ ಎದ್ದು ಹೋದರು. ಬಾಗಿಲು ತೆರೆದಿಡಲೋ ಮುಚ್ಚಲೋ ತಿಳಿಯದೆ ನಾನು ನಡುಮನೆಯಲ್ಲೇ ನಿಂತಿದ್ದೆ.