ಕನ್ನಡಕದಲ್ಲಿ ಸೊಟ್ಟಾದ ಸಾಲು

ನನ್ನ ಕಣ್ಣು ಮೊದಲು ಕೈಕೊಟ್ಟದ್ದು ಒಂದು ಧೋತರದ ಮುಂದೆ.

ಬೇಸಿಗೆಯ ಮಧ್ಯಾಹ್ನ. ಬಾಜು ಹೊಲದ ಬದುವಿನ ಮೇಲೆ ಗೆಳೆಯ ಫಕೀರಪ್ಪ ಕೂತಿದ್ದಾನೆಂದು ತಿಳಿದು, "ಏನಪಾ, ಊಟ ಆತೇನು?" ಎಂದು ಕೇಳಿದೆ. ಉತ್ತರವಿಲ್ಲ. ಸೊಕ್ಕು ಬಂದಿರಬೇಕು ಇವನಿಗೆ ಎಂದುಕೊಂಡು ಇನ್ನೊಮ್ಮೆ ಕೂಗಿದೆ. ನನ್ನ ಬೆನ್ನ ಹಿಂದಿನಿಂದ ಫಕೀರಪ್ಪ ನಕ್ಕ. "ಅದು ನನ್ನ ಧೋತರ ಪಾ, ಜಾಲಿ ಕಂಟಿ ಮ್ಯಾಲೆ ಒಣಹಾಕೇನಿ. ಅದಕ್ಯಾಕ ಊಟ ಕೇಳ್ತಿ, ನನಗ ಕೇಳು."

ನಾನೂ ನಕ್ಕೆ. ಒಳಗೆ ಮಾತ್ರ ಅಳುಕು ಹೊಕ್ಕಿತು.

ವಿಚಿತ್ರವೆಂದರೆ, ಬೆಳಕು ಹೆಚ್ಚಿದಷ್ಟೂ ನನಗೆ ಕಾಣುವುದು ಕಡಿಮೆಯಾಗುತ್ತಿತ್ತು. ನಮ್ಮೂರು ಶಲವಡಿಯ ಬಿಸಿಲಿನಲ್ಲಿ ಹೊಲ, ದಾರಿ, ಮನುಷ್ಯರು ಎಲ್ಲವೂ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗೆ. ಹೊತ್ತು ಇಳಿದ ಮೇಲೆ ಮತ್ತೆ ಒಂದೊಂದಕ್ಕೂ ಅಂಚು ಮೂಡುತ್ತಿತ್ತು. ಹೀಗೆ ಒಂದು ವರ್ಷ ಹೆಂಡತಿ ಗಂಗವ್ವನಿಗೂ ಹೇಳದೆ ನೆರಳು ನೋಡಿಕೊಂಡು ನಡೆದೆ. ಕಪ್ಪಗೆ ಕಂಡರೆ ಬೇವಿನ ಕಟ್ಟೆ. ಇನ್ನೂ ಕಪ್ಪಗಿದ್ದರೆ ನಮ್ಮ ಬಾಗಿಲು. ಒಳಗೆ ಬೆಳಕಿಂಡಿಯಿಂದ ಬಿಸಿಲು ಬಿದ್ದ ಜಾಗ ಪಡಸಾಲೆಯ ನಡುಮಧ್ಯ, ಅಲ್ಲಿಂದ ನಾಲ್ಕು ಹೆಜ್ಜೆಗೆ ಅಡುಗೆಮನೆ. ಲೆಕ್ಕ ತಪ್ಪುತ್ತಿರಲಿಲ್ಲ, ಮೋಡ ಕವಿದ ದಿನ ಬಿಟ್ಟು.

ಸಿಕ್ಕಿಬಿದ್ದದ್ದು ಊಟಕ್ಕೆ ಕೂತಾಗ.

"ಬೆಣ್ಣಿ ಹಾಕಲಿಲ್ಲೇನು ಇವತ್ತ?" ಎಂದೆ. ಬಿಳಿ ಜೋಳದ ರೊಟ್ಟಿಯ ಮೇಲೆ ಬಿಳಿ ಬೆಣ್ಣೆ ಇಟ್ಟಾಗಿತ್ತು. ಗಂಗವ್ವ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಂಡಿಯ ಕಡೆ ತಿರುಗಿಸಿದಳು.

"ಎಷ್ಟ ದಿನದಿಂದ್ರಿ?"

ಅಣ್ಣಿಗೇರಿಯ ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ಹಾಕಿದ್ದರು. ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, "ಮೋತಿಬಿಂದು. ಎರಡೂ ಕಣ್ಣಿಗೆ ಪೊರಿ ಬಂದೈತಿ. ಮೊದಲ ಬಲಗಣ್ಣಿಂದು ಆಪರೇಶನ್ ಮಾಡೂಣು" ಎಂದರು.

"ಹಿಂಗಾರಿ ಬಿತ್ತಿಗಿಗೆ ಕೂರಿಗಿ ಹಿಡಿಯಾಕ ಆಗತೈತೇನ್ರಿ?"

"ಮೊದಲ ಮನಷ್ಯಾರು ಕಾಣಲಿ, ಯಜಮಾನ್ರ" ಎಂದು ಅವರು ನಕ್ಕರು.

ಅವರಿಗೇನು ಗೊತ್ತು? ನಮ್ಮ ಕಡೆ ಎತ್ತು ಹೂಡಿ, ಕೂರಿಗೆ ಹಿಡಿದು ಬಿತ್ತಿದವನ ಸಾಲು ನೇರವಿರಬೇಕು. ಜೋಳ ಮೊಳೆತ ಮೇಲೆ ಕಪ್ಪು ಎರೆಮಣ್ಣಿನಲ್ಲಿ ಹಸಿರು ಗೆರೆ ಎದ್ದು ಕಾಣುತ್ತದೆ, ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ. ಸೊಟ್ಟಾದರೆ ಸುಗ್ಗಿಯವರೆಗೆ ಆಡಿಕೊಳ್ಳುತ್ತಾರೆ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು, ಆದರೆ ಊರಲ್ಲಿ ನನ್ನ ಮರ್ಯಾದೆ ಇದ್ದದ್ದು ಆ ಸಾಲಿನಲ್ಲಿ. ಅದು ಹೋದರೆ ಕಣ್ಣು ಬಂದೂ ಏನು ಮಾಡಲಿ ಎಂದು ನಿಜವಾಗಿಯೂ ಹೆದರಿದ್ದೆ.

ಆಪರೇಶನ್ ಆಯಿತು. ಬಲಗಣ್ಣು ಅಲುಗಬಾರದೆಂದು ಎರಡೂ ಕಣ್ಣಿಗೆ ಬ್ಯಾಂಡೇಜ್. ಕೆಮ್ಮಬಾರದು, ಹೊರಳಬಾರದು, ಅಗಿಯಬಾರದು. ಗಂಜಿ ಕುಡಿದು ಕಟ್ಟಿಗೆಯ ಹಾಗೆ ಬಿದ್ದಿರಬೇಕು. ಗಂಗವ್ವ ಬಾಜು ನೆಲದ ಮೇಲೆ ಕೂತು, "ಬಿಸಲು ಈಗ ಕಿಟಕ್ಯಾಗ ಐತ್ರಿ. ಈಗ ನಿಮ್ಮ ಕಾಲಮ್ಯಾಲೆ ಬಂತು" ಎಂದು ಹೇಳುತ್ತಿದ್ದಳು. ಕಾಲಿಗೆ ಬೆಚ್ಚಗಾಗುತ್ತಿತ್ತು. ಕಾಣದವನಿಗೆ ಬೆಳಕನ್ನು ಹೀಗೆ ಹೇಳಿ ಕಾಯುವುದು ಅವಳಿಗೆ ಯಾರು ಕಲಿಸಿದರೋ.

ಬ್ಯಾಂಡೇಜ್ ಬಿಚ್ಚಿದ ದಿನ ಎಲ್ಲವೂ ಕಲಸಿದಂತೆ ಕಂಡಿತು. ಆದರೆ ಬಣ್ಣ! ಗೋಡೆ ನಿಜವಾಗಿ ಬೆಳ್ಳಗಿತ್ತು, ಅದರ ಮೇಲೆ ಸಿಸ್ಟರ್ ನೆರಳು ಓಡಾಡುತ್ತಿತ್ತು. ಗಂಗವ್ವ ಗಾಢ ನೀಲಿ ಸೀರೆಯಲ್ಲಿ ನಿಂತಿದ್ದಳು.

"ಹೊಸಾ ಸೀರಿ ಯಾವಾಗ ತಗೊಂಡಿ?"

"ಅಗದಿ ಹಳೇದ್ರಿ. ನೀವ ಕೊಡಿಸಿದ್ದು."

ಒಂದು ವರ್ಷದಿಂದ ಅದನ್ನು ಕಪ್ಪು ಎಂದೇ ತಿಳಿದಿದ್ದೆ. ಅಳು ಬಂತು. ಅಳಬಾರದು, ಕಣ್ಣಿಗೆ ಕೆಟ್ಟದ್ದು ಎಂದು ಸಿಸ್ಟರ್ ಬೈದರು.

ಕಣ್ಣೊಳಗೆ ಲೆನ್ಸ್ ಕೂಡಿಸುವ ಕಾಲವಲ್ಲ ಅದು. ಒಂದೂವರೆ ತಿಂಗಳಿಗೆ ಕನ್ನಡಕ ಬಂತು, ಸೋಡಾ ಬಾಟಲಿಯ ತಳದಷ್ಟು ದಪ್ಪ. ಹಾಕಿಕೊಂಡರೆ ಎಲ್ಲ ಸ್ಪಷ್ಟ, ಆದರೆ ಎಲ್ಲ ದೊಡ್ಡದು. ಚಹಾದ ಕಪ್ಪಿಗೆ ಕೈ ಚಾಚಿದರೆ ಕೈ ಕಪ್ಪಿಗಿಂತ ಮೊದಲೇ ನಿಲ್ಲುತ್ತಿತ್ತು. ನಮ್ಮ ಬಾಗಿಲ ಚೌಕಟ್ಟು ಬಾಗಿ ಕಾಣುತ್ತಿತ್ತು. ರೂಢಿಯಾಗುತ್ತದೆ ಎಂದರು ಡಾಕ್ಟರ್. ಹೊಲಕ್ಕೆ ಹೋಗಲು ಒಪ್ಪಿಗೆಯನ್ನೂ ಕೊಟ್ಟರು.

ಮಳೆ ಬಿದ್ದು ಹದವಾಯಿತು. "ನಾ ಬಿತ್ತಿಕೊಡ್ತೀನಿ, ನೀ ಕೂಡು" ಎಂದ ಫಕೀರಪ್ಪ. ಬೇಡವೆಂದೆ. ಬೆಳಗ್ಗೆ ಎತ್ತು ಹೂಡಿದೆ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಗಂಗವ್ವ ನನ್ನ ಹಿಂದೆ, ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಬಂದಳು. ಮೊದಲ ಸಾಲೇ ಬಲಕ್ಕೆ ಬಾಗಿ ಕಂಡಿತು. ಎಡಕ್ಕೆ ಒತ್ತಿದೆ. ಆಗ ಎಡಕ್ಕೆ ಬಾಗಿ ಕಂಡಿತು. ಬಲಕ್ಕೆ ಒತ್ತಿದೆ.

"ನಿಲ್ಲಸ್ರಿ" ಎಂದಳು ಗಂಗವ್ವ. "ಹಾವು ಹರದಂಗ ಆಗಾಕತ್ತೈತಿ."

ಸಿಟ್ಟಿಗೆ ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟೆ. ಎತ್ತುಗಳು ಎರಡು ಬಿಳಿ ಮೋಡವಾದವು. ಮಣ್ಣಿನ ಹೆಂಟೆ, ಕಲ್ಲು ಯಾವುದೂ ಕಾಣಲಿಲ್ಲ. ಆದರೆ ಕಾಲ ಬಳಿ ಒಂದು ಅಂಚು ಕಂಡಿತು. ಬಿತ್ತಿದ ಕಡೆ ಹಸಿ ಮಣ್ಣು ಕರ್ರಗೆ, ಬಿತ್ತದ ಕಡೆ ಒಣ ಮಣ್ಣು ಬೂದು. ಎಳೆ ಬಿಸಿಲು ಅಡ್ಡ ಬಿದ್ದು ಆ ಅಂಚನ್ನು ಇನ್ನಷ್ಟು ಎತ್ತಿ ತೋರುತ್ತಿತ್ತು. ಒಂದು ವರ್ಷ ಕಪ್ಪು ಬಿಳುಪನ್ನಷ್ಟೇ ನಂಬಿ ನಡೆದವನಿಗೆ ಅಷ್ಟು ಸಾಕಿತ್ತು. ಬದುವಿಗೆ ಸರಿಯಾಗಿ ನಡೆದು ಕೆಟ್ಟ ಸಾಲನ್ನು ಮತ್ತೆ ತಿದ್ದಿ, ಆಮೇಲೆ ಆ ಅಂಚಿಗೆ ಅಂಟಿಕೊಂಡು ಹೋದೆ. ಬಿಸಿಲು ಏರಿ ಮಣ್ಣಿನ ಬಣ್ಣ ಒಂದಾದಾಗ ಎತ್ತು ಬಿಟ್ಟೆ, ಮರುದಿನ ಬೆಳಗ್ಗೆ ಮತ್ತೆ ಹೂಡಿದೆ. ನಾಲ್ಕು ಬೆಳಗಿನ ಕೆಲಸವಾಯಿತು. ಅವಸರವೇನಿತ್ತು?

ವಾರದಲ್ಲಿ ಜೋಳ ಮೊಳೆಯಿತು. ಇಬ್ಬರೂ ಬದುವಿನ ಮೇಲೆ ನಿಂತೆವು. ಕನ್ನಡಕ ಹಾಕಿಕೊಂಡೆ. ಒಂದೊಂದು ಮೊಳಕೆಯೂ ಸ್ಪಷ್ಟ, ಸಾಲುಗಳೆಲ್ಲ ಬಿಲ್ಲು.

"ಸೊಟ್ಟ ಆಗ್ಯಾವ" ಎಂದೆ.

"ಸೊಟ್ಟ ಇದ್ದದ್ದು ನಿಮ್ಮ ಮೂಗಿನ ಮ್ಯಾಲಿನ ಚಾಳೀಸು. ಸಾಲು ನೆಟ್ಟಗ ಅದಾವ್ರಿ."

ಸಮಾಧಾನಕ್ಕೆ ಹೇಳುತ್ತಾಳೋ ಏನೋ. ಮೂವತ್ತು ವರ್ಷ ನನ್ನ ಹಿಂದೆ ಬೀಜ ಬಿಡುತ್ತ ಬಂದವಳನ್ನು ಸಾಲು ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ದಿನ ಕೇಳಿದೆ. "ಖರೇ ಹೇಳು. ಮೊದಲಿನಂಗ ಆಗ್ಯಾವೇನು?"

ಅವಳು ಬದುವಿನಿಂದ ಇಳಿದು, ಒಂದು ಸಾಲಿನ ತಲೆಗೆ ನಿಂತು ಆ ತುದಿಯವರೆಗೆ ನೋಡಿದಳು.

"ಮೊದಲೂ ಒಂದೊಂದ ಸಲ ಸೊಟ್ಟ ಆಗತಿದ್ದುರಿ. ನೀವು ಮೀಸಿ ತಿರುವುತಿದ್ರಿ, ನಾ ಸುಮ್ಮನಿರತಿದ್ದೆ. ಈ ವರ್ಷ ನೆಟ್ಟಗ ಅದಾವು."

ಆ ಮೊದಲ ಮಾತು ಹೇಳಿದಳೆಂದೇ ಕೊನೆಯ ಮಾತನ್ನು ನಂಬಿದೆ.